ಮೂರನೆಯ ಪೆಟ್ಟಿನಲ್ಲಿ ಎಡವುವ ಗಂಟೆ

ಢಣ್, ಢಣ್, ಆಮೇಲೆ ಒಂದು ಸಣ್ಣ ತಡವರಿಕೆ, ಢಣ್.

ಬೀದಿಯ ತುದಿಯಲ್ಲಿರುವ ಪ್ರಾರ್ಥನೆ ಮನೆಯ ಗಂಟೆ ಸಂಜೆ ಹೀಗೆ ಬಡಿಯುತ್ತದೆ. ಮೊದಲ ಎರಡು ಪೆಟ್ಟು ನೆಟ್ಟಗೆ ಬರುತ್ತವೆ. ಮೂರನೆಯದು ಹೊಸ್ತಿಲಲ್ಲಿ ಎಡವಿದವರ ಹಾಗೆ ತಡವಾಗಿ, ಮೆತ್ತಗೆ ಬರುತ್ತದೆ. ಉಳಿದೆರಡು ಅದರ ಅವಮಾನವನ್ನು ಮುಚ್ಚುವಂತೆ ಬೇಗಬೇಗ ಬಂದು ಮುಗಿಯುತ್ತವೆ. ಮತ್ತೆ ಮೊದಲಿನಿಂದ. ಇಸ್ತ್ರಿ ಅಂಗಡಿಯವನ ಕೈ ಇದಕ್ಕೆಲ್ಲ ನಿಲ್ಲುವುದಿಲ್ಲ. ಬಸ್ಸಿಗೆ ಕಾಯುವ ಹುಡುಗಿಯರ ಕಿವಿಯಲ್ಲಿ ಬೇರೆಯದೇ ಹಾಡು ಇರುತ್ತದೆ. ಮೋಟರ್ ರಿಪೇರಿ ಅಂಗಡಿಯ ಹೆಂಗಸೊಬ್ಬಳು ಮಾತ್ರ ತಂತಿ ಸುತ್ತುತ್ತಿದ್ದ ಕೈಯನ್ನು ಅಲ್ಲೇ ಹಿಡಿದು, ಹಿಂದಿನ ಕೋಣೆಯ ಕಡೆಗೆ ಕಿವಿ ಕೊಡುತ್ತಾಳೆ.

"ಹ್ಞೂಂ. ಶುರು ಮಾಡ್ದ," ಎಂದು ಒಳಗಿನಿಂದ ಅವಳ ಅಪ್ಪ ಅಂದರೆ, ಅವತ್ತಿನ ಊಟ ಕೆಟ್ಟಿತು ಎಂದೇ ಲೆಕ್ಕ.

ಅವಳನ್ನು ಬೀದಿಯವರು ಕಾಯಿಲಕ್ಕ ಎನ್ನುತ್ತಾರೆ. ಸುಟ್ಟ ಮೋಟರುಗಳ ಹೊಟ್ಟೆ ಬಿಚ್ಚಿ ಕರಕಲು ತಂತಿ ಕಿತ್ತುಹಾಕಿ ಹೊಸ ತಾಮ್ರದ ಸುರುಳಿ, ಅಂದರೆ ಕಾಯಿಲು, ಕೂರಿಸುವುದು ಅವಳ ಕಸುಬು. ಅಂಗಡಿ ಮೊದಲು ಗಂಡನದಾಗಿತ್ತು. ಮಧ್ಯಾಹ್ನ ಊಟದ ಡಬ್ಬಿ ತಂದವಳು, ಅವನು ಉಂಡು ಕೈ ತೊಳೆಯುವವರೆಗೆ ಸುರುಳಿ ಸಡಿಲವಾಗದಂತೆ ಹಿಡಿದು ಕೂತಿರುತ್ತಿದ್ದಳು. ಹಾಗೆ ಹಿಡಿದೇ ಕಲಿತಳು. ಅವನು ತೀರಿಕೊಂಡ ಮೇಲೆ ಬಾಗಿಲ ಮೇಲಿನ ಹಲಗೆ ಬದಲಿಸಲಿಲ್ಲ, ಗಿರಾಕಿಗಳನ್ನೂ ಬಿಟ್ಟುಕೊಡಲಿಲ್ಲ. ಹೆಂಗಸು ಸುತ್ತಿದ ಮೋಟರು ಓಡುತ್ತದೆಯೇ ಎಂದು ಮೂಗು ಮುರಿದವರೇ ಈಗ, "ಬೇರೆಯವರು ನಾಳೆ ಅಂತಾರೆ, ಇವಳು ನಾಡಿದ್ದು ಅಂತಾಳೆ. ಆದ್ರೆ ಇವಳ ನಾಡಿದ್ದು ನಾಡಿದ್ದೇ ಬರುತ್ತೆ," ಎನ್ನುತ್ತಾರೆ. ಅವಳ ಬೆರಳ ತುದಿಗಳಲ್ಲಿ ವಾರ್ನಿಷಿನ ಕಂದು ಬಣ್ಣ ಯಾವ ಸೋಪಿಗೂ ಬಗ್ಗದೆ ಕೂತಿದೆ. ನಕ್ಕರೆ ಒಂದೇ ಕಡೆಯ ಕೆನ್ನೆ ನಗುತ್ತದೆ.

ಅಪ್ಪ ಗಂಟೆಯಜ್ಜ. ಪ್ರಾರ್ಥನೆ ಮನೆಯ ಗಂಟೆಯ ಹಗ್ಗ ಅವನ ಅಪ್ಪನ ಕೈಯಿಂದ ಅವನ ಕೈಗೆ ಬಂದಿತ್ತು. ಹಗ್ಗ ಇಳಿಬಿದ್ದಿರುವುದು ಹೊರಗಿನ ಮೊಗಸಾಲೆಯಲ್ಲಿ. ಗಂಟೆ ಹೊಡೆದು, ಬಂದವರೆಲ್ಲ ಒಳಗೆ ಹೋದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಕಲ್ಲುಕಟ್ಟೆಯ ಮೇಲೆ ಕೂರುವುದು ಅವನ ಪದ್ಧತಿ. ತಡವಾಗಿ ಬಂದವರಿಗೆ ಕಣ್ಣಲ್ಲೇ ಬೈದು ಬಾಗಿಲು ಸರಿಸುತ್ತಿದ್ದ. ಸಂಜೆಯ ಊಟವೂ ಗಂಟೆ ಆದ ಮೇಲೆಯೇ. ಕೆಲಸ ಮುಗಿಸದೆ ಉಣ್ಣಬಾರದು ಎಂಬ ಅವನದೇ ಕಟ್ಟಳೆ ಅದು. ಭುಜ ಹಿಡಿದುಕೊಂಡಿತು, ಮೊಣಕಾಲು ಕೈಕೊಟ್ಟಿತು, ಹಗ್ಗ ಬಿಡಬೇಕಾಯಿತು. ಕಟ್ಟಳೆ ಮಾತ್ರ ಅವನನ್ನು ಬಿಡಲಿಲ್ಲ. ಮಗಳ ಅಂಗಡಿಯ ಹಿಂದಿನ ಕೋಣೆಗೆ ಬಂದ ಮೇಲೂ ತಟ್ಟೆ ಮುಂದಿಟ್ಟುಕೊಂಡು ಗಂಟೆಗೆ ಕಾಯುತ್ತಾನೆ.

ಆ ಹೊತ್ತಿಗಾಗಲೇ ಪ್ರಾರ್ಥನೆ ಮನೆ ಖಾಲಿಯಾಗುತ್ತಾ ಬಂದಿತ್ತು. ಅದು ಯಾವಾಗ ಶುರುವಾಯಿತು ಎಂದು ಹೇಳಬಲ್ಲವರಿಲ್ಲ. ಯಾರೂ ಜಗಳ ಆಡಿ ಬಿಟ್ಟವರಲ್ಲ, ದೇವರಿಲ್ಲ ಎಂದು ಸಾರಿ ಎದ್ದವರೂ ಅಲ್ಲ. ಒಬ್ಬರಿಗೆ ಮಂಡಿನೋವು, ಒಬ್ಬರಿಗೆ ಮೊಮ್ಮಗಳ ಟ್ಯೂಷನ್ನು, ಮತ್ತೊಬ್ಬರಿಗೆ ಅದೇ ಹೊತ್ತಿಗೆ ನೀರು ಬರುವುದು. ಹಿಂದಿನ ಸಾಲಿನ ಚಾಪೆ ಸುತ್ತಿಟ್ಟರು, ಆಮೇಲೆ ಅದರ ಮುಂದಿನದು. ಓದಿ ಹೇಳುತ್ತಿದ್ದ ಹಿರಿಯರು ಹೋದ ಮೇಲೆ ಓದುವುದೂ ನಿಂತಿತು. ಬಾಗಿಲ ಬಳಿ ಚಪ್ಪಲಿ ಹುಡುಕಲು ಪರದಾಡುತ್ತಿದ್ದ ಜಾಗದಲ್ಲಿ ಈಗ ಬಿಟ್ಟ ಚಪ್ಪಲಿ ಬಿಟ್ಟಲ್ಲೇ ಸಿಗುತ್ತದೆ.

ಗಂಟೆಯಜ್ಜನ ಬದಲಿಗೆ ಒಬ್ಬರನ್ನು ಹುಡುಕಲು ಹೊರಟವನು ಬೀಗದ ಚಿಕ್ಕಪ್ಪ. ಪ್ರಾರ್ಥನೆ ಮನೆಯ ಬೀಗದ ಕೈ ಅವನ ಸೊಂಟದಲ್ಲಿರುತ್ತದೆ; ವರಸೆಯಲ್ಲಿ ಗಂಟೆಯಜ್ಜನಿಗೆ ತಮ್ಮ. ಅಜ್ಜ ಹಗ್ಗ ಬಿಡುವ ಮೊದಲೇ ಅವನು ಮನೆಮನೆ ತಿರುಗಿದ. ಎಲ್ಲರೂ ಕೂರಿಸಿ ಕುಡಿಯಲು ಕೊಟ್ಟರು. ಗಂಟೆ ನಿಲ್ಲಬಾರದು, ಅದು ನಿಂತರೆ ಬೀದಿಗೇ ಶೋಭೆಯಲ್ಲ ಎಂದರು. ಯಾರಾದರೂ ಮುಂದೆ ಬರಬೇಕು ಎಂದರು.

"ಎಲ್ಲರ ಮನೇಲೂ ಆ 'ಯಾರಾದರೂ' ಅನ್ನೋನ ವಿಳಾಸ ಕೇಳ್ದೆ ಕಣಮ್ಮ," ಎಂದು ಚಿಕ್ಕಪ್ಪ ಕಾಯಿಲಕ್ಕನ ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಕೂತ. "ಪಕ್ಕದ ಮನೇಲಿದ್ದಾನೆ ಅಂತಾರೆ."

"ನೀವೇ ಹೊಡೀಬಹುದಲ್ಲ ಚಿಕ್ಕಪ್ಪ."

"ನನ್ನದು ಬೀಗ. ಅದೊಂದು ಸಾಲದಾ? ನೀನು?"

ಅವಳು ಕೆನ್ನೆಯ ಒಂದು ಕಡೆಯಿಂದ ನಕ್ಕಳು. ಸಂಜೆ ಗಿರಾಕಿಗಳ ಹೊತ್ತು. ಅದು ನಿಜವಾಗಿತ್ತು, ನಿಜವಾದದ್ದರಿಂದ ನೆವವಾಗಿಯೂ ಒದಗಿತು.

ಹಿಂದಿನ ಕೋಣೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಕಾಯುವವನಿಗೆ ಏನು ಹೇಳುವುದು? ಗಂಟೆ ಒಂದು ಸಂಜೆ ತಪ್ಪಿದರೆ ಅವನಿಗೆ ಎರಡು ಗೊತ್ತಾಗುತ್ತಿತ್ತು: ತಾನು ಬಿಟ್ಟ ಹಗ್ಗವನ್ನು ಇಡೀ ಊರಲ್ಲಿ ಒಬ್ಬನೂ ಮುಟ್ಟಲಿಲ್ಲ ಎಂಬುದು, ಹಾಗೆ ಮುಟ್ಟದವರಲ್ಲಿ ಮಗಳೂ ಇದ್ದಾಳೆ ಎಂಬುದು. ಇವೆರಡೂ ಅವನ ಕಿವಿಗೆ ಬೀಳಕೂಡದು ಎಂದು ಅವಳು ನಿಶ್ಚಯಿಸಿಕೊಂಡಳು.

ಗುಜರಿಯಿಂದ ನಿಧಾನವಾಗಿ ತಿರುಗುವ ಮೋಟರೊಂದನ್ನು ತಂದಳು. ಕಬ್ಬಿಣದ ಬಿಲ್ಲೆಗೆ ಸುತ್ತಲೂ ಐದು ಮೊಳೆ ಬೆಸೆದಳು. ಬಿಲ್ಲೆ ತಿರುಗಿದಾಗ ಒಂದೊಂದು ಮೊಳೆಯೂ ಒಂದು ಸುತ್ತಿಗೆಯನ್ನು ಎತ್ತಿ ಬಿಡುತ್ತದೆ. ಸುತ್ತಿಗೆ ಗಂಟೆಗೆ ಬಡಿಯುತ್ತದೆ. ಹೊತ್ತಿಗೆ ಸರಿಯಾಗಿ ಕರೆಂಟು ಕೊಡಲು ಒಂದು ಟೈಮರು. ಬೀಗದ ಚಿಕ್ಕಪ್ಪ ಏಣಿ ಹಿಡಿದ. ಆಣೆ ಹಾಕಿಸಿದರೆ ತನಗೆ ಆಗಿಬರುವುದಿಲ್ಲ, ಆದರೆ ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದ.

"ಯಾರು ಸಿಕ್ಕಿದ್ರು?" ಎಂದು ಅಪ್ಪ ಅವತ್ತು ಸಂಜೆ ಕೇಳಿದ.

"ನಿಂಗೆ ಗೊತ್ತಿಲ್ಲ. ಹೊಸಬ."

"ಯಾವ ಮನೆ ಕಡೆಯೋನು?"

"ಬಾಡಿಗೆಗೆ ಬಂದಿದ್ದಾನೆ. ಪಾಳಿ ಕೆಲಸ. ಸಣಕಲ."

ಸಣಕಲ ಎಂದು ಯಾಕೆ ಸೇರಿಸಿದಳೋ. ಸುಳ್ಳಿಗೆ ಮೈಕೈ ಇರಲಿ ಅನ್ನಿಸಿರಬೇಕು.

ಕೆಲವು ದಿನ ಅಪ್ಪ ನೆಮ್ಮದಿಯಾಗಿ ಉಂಡ. ಆಮೇಲೆ ತುತ್ತು ಕಲಸುತ್ತಾ ಕಲಸುತ್ತಾ ನಿಲ್ಲಿಸತೊಡಗಿದ.

"ಇವನು ಮನುಷ್ಯನಾ?"

"ಇನ್ನೇನಪ್ಪಾ?"

"ಅಲ್ಲ, ಒಂದು ಪೆಟ್ಟೂ ಹೆಚ್ಚುಕಮ್ಮಿ ಇಲ್ಲ. ಸುಸ್ತಾಗಲ್ವಾ ಅವನಿಗೆ? ಕೈ ಬದಲಿಸಲ್ವಾ? ಸೊಳ್ಳೆ ಕಚ್ಚಿದ್ರೂ ಕೆರ್ಕೊಳ್ಳಲ್ವಾ?"

"ಚೆನ್ನಾಗಿ ಹೊಡೀತಾನೆ ಅಂತ ಸಂತೋಷ ಪಡೋದು ಬಿಟ್ಟು…"

"ಇಷ್ಟು ಚೆನ್ನಾಗಿ ಹೊಡೆಯೋರನ್ನ ನಂಬಬಾರದು," ಎಂದು ಅಪ್ಪ ತುತ್ತು ಬಾಯಿಗಿಟ್ಟ.

ಅವಳು ಮರುದಿನವೇ ಬಿಲ್ಲೆ ಇಳಿಸಿ ತಂದಳು. ಅಂಗಡಿಯ ಬೆಂಚಿನ ಮೇಲಿನ ಇಕ್ಕಳಕ್ಕೆ ಸಿಕ್ಕಿಸಿ, ಒಂದು ಮೊಳೆಯನ್ನು ಕೊಯ್ದು ಬೇರೆ ಕಡೆ ಕೂರಿಸಿ ನೋಡಿದಳು. ಮೊದಲನೆಯದನ್ನು ಸರಿಸಿದರೆ ಬಿಕ್ಕಳಿಕೆ ಬಂದ ಹಾಗಿತ್ತು. ಕೊನೆಯದನ್ನು ಸರಿಸಿದರೆ ಓಡಿಹೋಗುವವರ ಹಾಗೆ. ಮೂರನೆಯದನ್ನು ಒಂದಿಷ್ಟು ಹಿಂದೆ ತಳ್ಳಿ, ತುದಿಯನ್ನು ಅರದಿಂದ ಉಜ್ಜಿ ಗಿಡ್ಡ ಮಾಡಿದಾಗ, ಬರಿಗೈಯಲ್ಲಿ ಬಿಲ್ಲೆ ತಿರುಗಿಸುತ್ತಿದ್ದ ಅವಳ ಮೈಗೇ ಸರಿಯೆನ್ನಿಸಿತು. ಹೌದು, ಇದು ಮನುಷ್ಯ. ಯಾಕೆ ಹಾಗನ್ನಿಸಿತು ಎಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಅಂಗಡಿಯ ಮುಂದೆ ಗಿರಾಕಿಯೊಬ್ಬ ಪಂಪು ಇಳಿಸುತ್ತಿದ್ದ.

ಆ ಸಂಜೆ ಗಂಟೆ ಎಡವಿತು. ಕಾಯಿಲಕ್ಕ ಬಾಗಿಲ ಸಂದಿಯಿಂದ ನೋಡಿದಳು. ಅಪ್ಪ ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಬಲಗೈಯನ್ನು ಎಡಭುಜದ ಮೇಲಿಟ್ಟುಕೊಂಡಿದ್ದ.

"ಏನಪ್ಪಾ? ನೋವಾ?"

"ಅವನನ್ನ ಇಲ್ಲಿಗೆ ಕರ್ಕೊಂಡು ಬಾ."

"ಯಾರನ್ನ?"

"ಆ ಸಣಕಲನ್ನ."

ಅವನು ತಟ್ಟೆ ಪಕ್ಕಕ್ಕೆ ಸರಿಸಿದ. ಮಾರನೆಯ ಸಂಜೆಯೂ ತಟ್ಟೆ ಹಾಗೇ ಉಳಿಯಿತು, ಅದರ ಮರುದಿನವೂ. ಹಗಲು ಸರಿಯಾಗಿಯೇ ಇರುತ್ತಿದ್ದ, ಪೇಪರು ಓದುತ್ತಿದ್ದ, ಗಿರಾಕಿಗಳಿಗೆ ಪುಕ್ಕಟೆ ಬುದ್ಧಿವಾದ ಹೇಳುತ್ತಿದ್ದ. ಸಂಜೆಯಾಗುತ್ತಿದ್ದಂತೆ ಕಿವಿ ನಿಮಿರುತ್ತಿತ್ತು. ಹೋಗಿ ಬರುವವರನ್ನೆಲ್ಲ ಕಿಟಕಿಯಿಂದ ಇಣುಕಿ ನೋಡುವ ಹೊಸ ಚಟ ಅಂಟಿಕೊಂಡಿತು. ಇಸ್ತ್ರಿ ಅಂಗಡಿಯವನು ನಕ್ಕರೆ, ಯಾಕೆ ನಕ್ಕ ಎನ್ನುತ್ತಾನೆ. ನಗದಿದ್ದರೆ, ಯಾಕೆ ಮುಖ ಮುರಿದ ಎನ್ನುತ್ತಾನೆ.

ಕಾಯಿಲಕ್ಕನಿಗೂ ಅನುಮಾನ ಹತ್ತಿಕೊಂಡಿತು. ಬೀಗದ ಚಿಕ್ಕಪ್ಪ ಬಾಯಿ ಬಿಟ್ಟಿರಬಹುದೇ? ಕಟ್ಟಡದ ಮೇಲೆ ಹೋದ ತಂತಿಯನ್ನು ಯಾರಾದರೂ ನೋಡಿರಬಹುದೇ? ಅಪ್ಪ ಎಲ್ಲ ತಿಳಿದಿದ್ದೂ ತನ್ನಿಂದಲೇ ಹೇಳಿಸಬೇಕೆಂದು ಆಟ ಹೂಡಿದ್ದಾನೆಯೇ? ಅಪ್ಪ ಅವಳನ್ನು ನೋಡುವಾಗ ಅವಳು ಮೋಟರನ್ನು ನೋಡುತ್ತಿದ್ದಳು. ಅವಳು ಅಪ್ಪನನ್ನು ನೋಡುವಾಗ ಅವನು ಬೀದಿ ನೋಡುತ್ತಿದ್ದ.

ಕೊನೆಗೆ ಚಿಕ್ಕಪ್ಪನನ್ನೇ ಕರೆಸಿದ ಗಂಟೆಯಜ್ಜ. ಹಿಂದಿನ ಕೋಣೆಯ ಮಂಚದ ಮೇಲೆ ತಾನು, ಎದುರಿನ ಕುರ್ಚಿಯಲ್ಲಿ ಅವನು. ಕಾಯಿಲಕ್ಕ ಬಾಗಿಲಲ್ಲಿ ಸುರುಳಿ ಹಿಡಿದೇ ನಿಂತಳು.

"ಗಂಟೆ ಹೊಡೆಯೋನು ಹೇಗೆ?"

"ಒಳ್ಳೆಯವನಣ್ಣ," ಎಂದ ಚಿಕ್ಕಪ್ಪ, ಅವಳ ಕಡೆ ನೋಡದೆ. "ಇದ್ದಾನೋ ಇಲ್ಲವೋ ಅನ್ನೋ ಹಾಗೆ. ಒಂದು ಮಾತಾಡಲ್ಲ."

"ಆಳು ಹೇಗಿದ್ದಾನೆ?"

ಕಾಯಿಲಕ್ಕ ಗಂಟಲು ಸರಿಮಾಡಿಕೊಂಡಳು. ಚಿಕ್ಕಪ್ಪ ಅದನ್ನು ತಪ್ಪಾಗಿ ತಿಳಿದುಕೊಂಡ.

"ಗಟ್ಟಿಮುಟ್ಟು ಆಳು. ದಪ್ಪಗೆ. ಹಗ್ಗ ಎಳೆಯೋಕೆ ಮೈ ಬೇಡ್ವಾ?"

ಗಂಟೆಯಜ್ಜ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದ. "ಇವಳು ಸಣಕಲ ಅಂತಾಳೆ, ನೀನು ದಪ್ಪ ಅಂತೀಯ. ಪಾಪ, ದಿನಾ ಸಂಜೆ ಊದಿಕೊಂಡು ಬರ್ತಾನೆ ಅನ್ಸುತ್ತೆ."

"ಬಟ್ಟೆ ಸಡಿಲ ಹಾಕ್ತಾನೆ ಅಣ್ಣ, ಅದಕ್ಕೆ ಹಾಗೆ…"

"ಬೀಗದೋನೇ, ನೀನು ಹುಟ್ಟಿದಾಗಿಂದ ನೋಡ್ತಿದ್ದೀನಿ. ಸುಳ್ಳು ಹೇಳುವಾಗ ಸೊಂಟ ಮುಟ್ಟಿ ನೋಡ್ಕೊಳ್ತೀಯ, ಕೀ ಬಿದ್ದುಹೋಯ್ತೇನೋ ಅನ್ನೋ ಹಾಗೆ. ಕೈ ತೆಗಿ."

ಚಿಕ್ಕಪ್ಪ ಸೊಂಟದಿಂದ ಕೈ ತೆಗೆದ.

"ನನಗೆ ಗೊತ್ತು," ಎಂದ ಗಂಟೆಯಜ್ಜ. "ಯಾರೋ ನನ್ನನ್ನ ಆಡಿಕೊಳ್ತಿದ್ದಾನೆ. ನೀವಿಬ್ಬರೂ ಸೇರ್ಕೊಂಡು ಅವನನ್ನ ಮುಚ್ಚಿಡ್ತಿದ್ದೀರ."

"ಆಡಿಕೊಳ್ಳೋದಾ?" ಎಂದ ಚಿಕ್ಕಪ್ಪ.

"ಮೂರನೇ ಪೆಟ್ಟು ಕೇಳಿಸ್ಕೊಂಡಿದ್ದೀಯಾ? ಈ ಭುಜ ಹಿಡ್ಕೊಂಡ ಮೇಲೆ ಎರಡು ಪೆಟ್ಟು ಎಳೆದು, ಮೂರನೇದಕ್ಕೆ ಕೈ ಬದಲಿಸ್ತಿದ್ದೆ ನಾನು. ಆಗ ತಡ ಆಗೋದು. ಸದ್ದು ಮೆತ್ತಗೆ ಬರೋದು. ಗೊತ್ತಾಗಬಾರದು ಅಂತ ಉಳಿದೆರಡನ್ನ ಬೇಗ ಹೊಡೆದುಬಿಡ್ತಿದ್ದೆ. ಯಾರೂ ಗಮನಿಸಲ್ಲ ಅಂದ್ಕೊಂಡಿದ್ದೆ." ಅವನ ದನಿ ಇಳಿಯಿತು. "ಒಬ್ಬ ಗಮನಿಸಿದ್ದಾನೆ. ಅದನ್ನೇ ದಿನಾ ಇಡೀ ಬೀದಿಗೆ ಮಾಡಿ ತೋರಿಸ್ತಿದ್ದಾನೆ. ಕುಂಟೋನ ಹಿಂದೆ ಕುಂಟಿ ನಡೆಯೋರಿಲ್ವಾ, ಹಾಗೆ."

ಕಾಯಿಲಕ್ಕನ ಕೈಯ ಸುರುಳಿ ಬಿಚ್ಚಿಕೊಂಡು ನೆಲಕ್ಕೆ ಹರಿಯಿತು. ಮನುಷ್ಯ ಗಂಟೆ ಹೊಡೆದರೆ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿದ್ದದ್ದು ಒಬ್ಬ ಮನುಷ್ಯನಿಂದ. ಅವಳ ಕಿವಿಯಲ್ಲಿ ಉಳಿದಿದ್ದು ಅವನ ನೋವೇ. ಅದನ್ನು ಕಬ್ಬಿಣದಲ್ಲಿ ಬೆಸೆದು ಅವನಿಗೇ ದಿನಾ ಬಡಿಸಿದ್ದಳು.

ಈಗ ಹೇಳಬಹುದಿತ್ತು. ಆದರೆ ಯಾವುದನ್ನು? ಒಬ್ಬ ನಿನ್ನನ್ನು ಅಣಕಿಸುತ್ತಿದ್ದಾನೆ ಎನ್ನುವುದಕ್ಕಿಂತ, ಅಣಕಿಸಲಿಕ್ಕೂ ಅಲ್ಲಿ ಒಬ್ಬನಿಲ್ಲ ಎನ್ನುವುದು ಮೇಲಾಗಿತ್ತೇ? ಅವಳು ತಂತಿ ಬಳಿದುಕೊಂಡು ಅಂಗಡಿಗೆ ಹೋದಳು. ಹಿಂದೆಯೇ ಚಿಕ್ಕಪ್ಪ ಬಂದ.

"ಅವನಿಗೆ ಮೋಟರು ಅಂತ ಹೇಳಿಬಿಡು. ಸಾಯಲ್ಲ ಬಿಡು."

"ಸಾಯಲ್ಲ. ಊಟ ಬಿಡ್ತಾನೆ."

"ಈಗ ಏನು ಉಣ್ತಿದ್ದಾನಾ?"

ಅವಳು ತಂತಿಯ ಸಿಕ್ಕು ಬಿಡಿಸತೊಡಗಿದಳು.

"ಒಂದು ಕೇಳ್ಲಾ ಚಿಕ್ಕಪ್ಪ? ನೀವು ದಿನಾ ಬೀಗ ತೆಗೀತೀರಲ್ಲ. ಒಳಗೆ ಹೋಗಿ ಕೂರ್ತೀರಾ?"

ಚಿಕ್ಕಪ್ಪನ ಕೈ ಸೊಂಟಕ್ಕೆ ಹೋಯಿತು. ತಾನೇ ನೋಡಿಕೊಂಡು, ತೆಗೆದ. "ಯಾರಾದ್ರೂ ಬಂದ್ರೆ ಬಾಗಿಲು ಹಾಕಿರಬಾರದಲ್ಲ," ಎಂದು ಮೆಟ್ಟಿಲಿಳಿದ.

ಮರುದಿನ ಸಂಜೆ, ಗಂಟೆಗೆ ಇನ್ನೂ ಹೊತ್ತಿರುವಾಗಲೇ, ಹಿಂದಿನ ಕೋಣೆಯಿಂದ ಕೋಲಿನ ಸದ್ದು ಬಂತು. ಗಂಟೆಯಜ್ಜ ಒಗೆದ ಅಂಗಿ ಹಾಕಿಕೊಂಡು, ತಲೆ ಬಾಚಿ, ಹೊರಡಲು ನಿಂತಿದ್ದ.

"ಎಲ್ಲಿಗೆ?"

"ಹಿಡಿಯೋಕೆ."

"ಮಂಡಿ?"

"ಮಂಡಿ ಮನೇಲಿ ಬಿಟ್ಟು ಹೋಗೋಕಾಗುತ್ತಾ? ಜೊತೇಲೇ ಬರುತ್ತೆ."

ತಡೆಯಲು ಅವಳು ಬಾಯಿ ತೆರೆದಳು. ಓಡಿಹೋಗಿ ಸ್ವಿಚ್ಚು ಆರಿಸಬಹುದು ಎನ್ನಿಸಿತು. ಆರಿಸಿದರೆ ಇವತ್ತು ಹೆದರಿ ಬರಲಿಲ್ಲ ಎನ್ನುತ್ತಾನೆ, ನಾಳೆ ಮತ್ತೆ ಹೊರಡುತ್ತಾನೆ. ಅವಳು ಚಪ್ಪಲಿ ಮೆಟ್ಟಿ ಅವನ ಪಕ್ಕಕ್ಕೆ ಬಂದಳು, ತೋಳು ಹಿಡಿಯದೆ. ಹಿಡಿದರೆ ಅವನಿಗೆ ಕೋಪ ಬರುತ್ತದೆ. ಇಸ್ತ್ರಿ ಅಂಗಡಿಯವನು, "ಓ, ಅಜ್ಜನ ಸವಾರಿ!" ಎಂದದ್ದಕ್ಕೆ ಗಂಟೆಯಜ್ಜ ಅವನನ್ನು ತಲೆಯಿಂದ ಕಾಲಿನವರೆಗೆ ಅಳೆದು ನೋಡಿ ಮುಂದೆ ಹೋದ.

ಮೊಗಸಾಲೆಯಲ್ಲಿ ಯಾರೂ ಇರಲಿಲ್ಲ. ಹಗ್ಗವನ್ನು ಮೇಲಕ್ಕೆ ಸುತ್ತಿ ಗೂಟಕ್ಕೆ ಕಟ್ಟಿತ್ತು. ಅದರ ಮೇಲೆ ಧೂಳು. ಗಂಟೆಯಜ್ಜ ಅದನ್ನು ನೋಡಿದ. ಬೆರಳಿನಿಂದ ಒರೆಸಿ ಬೆರಳು ನೋಡಿಕೊಂಡ. ಮಗಳ ಕಡೆ ತಿರುಗಲಿಲ್ಲ. ಅರೆತೆರೆದ ಬಾಗಿಲನ್ನು ಕೋಲಿನಿಂದ ತಳ್ಳಿ ಒಳಗೆ ಹೋದ. ಅವಳೂ ಹೋದಳು.

ಒಳಗೆ ಒಂದೇ ಚಾಪೆ ಹಾಸಿತ್ತು. ಗೋಡೆಗೆ ಒರಗಿಸಿಟ್ಟ ಸುರುಳಿ ಚಾಪೆಗಳು ತರಗತಿಯ ಹೊರಗೆ ನಿಲ್ಲಿಸಿದ ಮಕ್ಕಳ ಹಾಗೆ ಕಾಣುತ್ತಿದ್ದವು. ಗಾಳಿಯಲ್ಲಿ ಮುಚ್ಚಿಟ್ಟ ಬಟ್ಟೆಯ ವಾಸನೆ. ಮೇಲೆ, ಗಂಟೆಯ ಗೂಡಿನಲ್ಲಿ, ಏನೋ ಒಂದು ಕಟ್ ಎಂದಿತು. ಆಮೇಲೆ ಗುಂಯ್ ಎನ್ನುವ ಸದ್ದು. ಹೊರಗೆ ಯಾರಿಗೂ ಕೇಳಿಸದ, ಒಳಗಿದ್ದವರಿಗೆ ಮಾತ್ರ ಕೇಳುವ ಮೋಟರಿನ ಉಸಿರು. ಢಣ್, ಢಣ್. ತಡವರಿಕೆ. ಢಣ್.

ಪೂರ್ತಿ ಮುಗಿಯುವವರೆಗೆ ಗಂಟೆಯಜ್ಜ ತಲೆಯೆತ್ತಿ ನಿಂತೇ ಕೇಳಿದ. ಮುಗಿದ ಮೇಲೆ ಕೋಲೂರಿ ನಿಧಾನವಾಗಿ ಚಾಪೆಯ ಮೇಲೆ ಕೂತ.

"ಮೋಟರು."

"ಹೂಂ."

"ನೀನು ಮಾಡಿದ್ದು."

"ಹೂಂ."

"ಆ ಮೂರನೇದು?"

"ನಾನೇ. ಸರಿಸಿದ್ದು. ನಿಂದು ಅಂತ ನಂಗೆ ಹೊಳೀಲಿಲ್ಲಪ್ಪ. ಹಾಗಿದ್ರೇ ಸರಿ ಅನ್ನಿಸ್ತು."

ಅವನು ಭುಜ ನೀವಿಕೊಂಡ. "ಇಷ್ಟು ಕೆಟ್ಟದಾಗಿ ಹೊಡೀತಿದ್ನಾ ನಾನು?"

ಸುಳ್ಳಿಗೆ ಅವಳಲ್ಲಿ ಇನ್ನು ಜಾಗವಿರಲಿಲ್ಲ. "ಹೌದು."

"ಯಾರೂ ಹೇಳಲಿಲ್ಲ."

"ನಾವು ಅದನ್ನೇ ಗಂಟೆ ಅಂದ್ಕೊಂಡಿದ್ವಿ."

ಅದಕ್ಕವನು ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಒಬ್ಬನೂ ಬರಲಿಲ್ವಾ?" ಎಂದ. ಹಗ್ಗಕ್ಕೆ ಎಂದನೋ ಪ್ರಾರ್ಥನೆಗೆ ಎಂದನೋ, ಎರಡಕ್ಕೂ ಉತ್ತರ ಒಂದೇ ಆದ್ದರಿಂದ ಅವಳು ಕೇಳಲಿಲ್ಲ.

"ಇಲ್ಲ. ನಾನೂ ಬರಲಿಲ್ಲ."

ಗಂಟೆಯಜ್ಜ ಸುತ್ತ ನೋಡಿದ. ಛಾವಣಿ, ಕಿಟಕಿ, ಮೂಲೆಯ ಓದುವ ಮೇಜು. ಬಾಡಿಗೆ ಮನೆ ನೋಡಲು ಬಂದವರು ನೋಡುವ ಹಾಗೆ ನೋಡುತ್ತಿದ್ದ.

"ಈ ಕಿಟಕಿ ಮೊದಲಿಂದ ಇಲ್ಲೇ ಇತ್ತಾ?"

"ನಿಂಗೆ ಗೊತ್ತಿರಬೇಕು."

"ನಾನು ಕಟ್ಟೆ ಮೇಲೆ ಕೂರ್ತಿದ್ದೆ. ಒಳಗೆ ಏನು ಮಾಡ್ತಾರೆ ಅಂತ ಸರಿಯಾಗಿ ನೋಡಿಲ್ಲ. ಅವರೆಲ್ಲ ಹೋಗ್ತಾರಲ್ಲ, ಇರಬೇಕು ಅಂದ್ಕೊಂಡಿದ್ದೆ." ಏನು ಇರಬೇಕು ಎಂದು ಹೇಳಲಿಲ್ಲ. "ಅವರು ಏನಂದ್ಕೊಂಡಿದ್ರೋ. ಗಂಟೆ ಹೊಡೆಯೋನಿಗಾದ್ರೂ ಗೊತ್ತಿರುತ್ತೆ ಅಂತಲೋ ಏನೋ."

ಹೊರಗೆ ಬಸ್ಸು ಬಂದು ನಿಂತು ಹೋಯಿತು. ಇಬ್ಬರೂ ಒಂದೇ ಚಾಪೆಯ ಎರಡು ತುದಿಯಲ್ಲಿ ಕೂತಿದ್ದರು. ಗಂಟೆಯಜ್ಜನ ಎರಡು ಅಂಗೈ ಮಂಡಿಯ ಮೇಲೆ ಮೇಲುಮುಖವಾಗಿದ್ದವು. ನೋವಿಗೆ ಹಾಗಿಟ್ಟುಕೊಂಡಿದ್ದನೋ, ಇನ್ಯಾವುದಕ್ಕೋ. ಕಾಯಿಲಕ್ಕ ಓರೆಗಣ್ಣಲ್ಲಿ ಆ ಕೈಗಳನ್ನೇ ನೋಡುತ್ತಿದ್ದಳು: ಜೋಡಿಸುತ್ತಾನೆಯೇ? ಜೋಡಿಸಿದರೆ ಯಾರಿಗೆ? ತನಗೆ ತೋರಿಸಲಿಕ್ಕೋ? ಅವನ ಕಡೆಗೆ ಪೂರ್ತಿ ತಿರುಗಿದಾಗ ಅವನೂ ಓರೆಗಣ್ಣಲ್ಲಿ ಅವಳ ಕೈಗಳನ್ನು ನೋಡುತ್ತಿದ್ದ. ಕಳ್ಳರಿಬ್ಬರು ಒಂದೇ ಮನೆಯಲ್ಲಿ ಎದುರಾದ ಹಾಗೆ ಇಬ್ಬರೂ ಕಣ್ಣು ತಪ್ಪಿಸಿದರು. ಗಂಟೆಯಜ್ಜ ಅಂಗೈ ಮಗುಚಿದ.

"ಏನು ನೋಡ್ತೀಯ?"

"ಏನಿಲ್ಲ. ನೀನು?"

"ನಾನೇನು ನೋಡಲಿ."

ಅವಳಿಗೆ ಇದ್ದಕ್ಕಿದ್ದಂತೆ ಅನ್ನಿಸಿತು: ತಾನು ಇಲ್ಲಿ ಕೂತಿರುವವರೆಗೆ ಅವನ ಕೈ ಹಾಗೇ ಇರುತ್ತದೆ. ಮಗಳ ಮುಂದೆ ನಂಬಲಿಕ್ಕೂ ಅವನಿಗೆ ಮುಜುಗರ, ನಂಬದಿರಲಿಕ್ಕೂ. ಗೂಡಿನಲ್ಲಿರುವ ಮೋಟರೇ ಮೇಲು, ಅದಕ್ಕೆ ಕಣ್ಣಿಲ್ಲ. ಅವಳು ಎದ್ದಳು. ಸೀರೆಯ ಅಂಚಿಗೆ ಹತ್ತಿದ ಧೂಳು ಕೊಡವಿದಳು.

"ಎಲ್ಲಿಗೆ?" ಎಂದ ಅವನು, ಹೆದರಿದವನ ಹಾಗೆ.

"ಇಲ್ಲೇ. ನೀನು ಕೂತಿರು."

"ಇಲ್ಲಿ ಕೂತು ನಾನೇನು ಮಾಡ್ಲಿ?"

"ಏನಾದ್ರೂ ಮಾಡು, ಇಲ್ಲ ಸುಮ್ಮನಿರು. ನಾನೇನು ಕೇಳಲ್ಲ," ಎಂದು ಬಾಗಿಲು ದಾಟಿ, ಅದನ್ನು ಮುಂದೆ ಮಾಡಿಕೊಂಡಳು. ಒಂದು ಕ್ಷಣ ಹಿಡಿಕೆಯ ಮೇಲೆಯೇ ಕೈಯಿತ್ತು. ಆಮೇಲೆ, ಸಂದಿಯಿಂದ ನೋಡುವ ಆಸೆ ಬರುವ ಮೊದಲೇ, ಒಳಗಿನವನಿಗೆ ಕೇಳುವಷ್ಟು ಗಟ್ಟಿಯಾಗಿ, "ಅಂಗಡಿ ಬಾಗಿಲು ತೆಗೆದೇ ಬಂದಿದ್ದೀನಪ್ಪ, ಯಾರಾದ್ರೂ ಬಂದು ನಿಂತಿದ್ರೆ ಅಂತ, ನಾನು ಸ್ವಲ್ಪ…" ಎನ್ನುತ್ತಾ ಮೆಟ್ಟಿಲಿಳಿದು ಬೀದಿಯ ಕಡೆಗೆ ನಡೆದಳು.